ಹವಳದ ಬಣ್ಣ, ಹವಳದ ನೀರು

1847ರ ವಸಂತದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಸೇರಿದ ಮನೆಯೊಂದರಲ್ಲಿ ಒಬ್ಬಳು ಪುಟ್ಟ ಕೆಲಸದ ಹುಡುಗಿ ದಿನವೂ ತೆರೆದ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ನೀರು ಸುರಿಯುತ್ತಿದ್ದಳು. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಎತ್ತಿ ಸುರಿದು ಆರಿಸುತ್ತೇವಲ್ಲ, ಹಾಗೆ. ಒಮ್ಮೆ ಶುರು ಮಾಡಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಅದು ಕುಡಿಯುವ ನೀರಲ್ಲ, ಕಡಲಿನಿಂದ ತರಿಸಿದ ಉಪ್ಪುನೀರು. ಆ ನೀರಿನಲ್ಲಿ ಮನೆಯೊಡತಿ ಆನಾ ಥಿನ್ ಸಾಕಿದ ಹವಳಗಳಿದ್ದವು. ನೀರಿಗೆ ಗಾಳಿ ಬೆರೆಯದಿದ್ದರೆ ಅವು ಸಾಯುತ್ತಿದ್ದವು.

ಥಿನ್ ಈ ಪ್ರಯೋಗದ ವಿವರಗಳನ್ನು 1859ರಲ್ಲಿ ಒಂದು ನಿಸರ್ಗವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದಳು. ನೀರು ಸುರಿಯುವುದು ದಣಿವಿನ ಕೆಲಸವೇ ಆದರೂ ಹುಡುಗಿಗೆ ಅದೊಂದು ಆಟದಂತಿತ್ತು ಎಂದು ಅಲ್ಲಿ ಬರೆದಿದ್ದಾಳೆ. ಹುಡುಗಿಯ ಹೆಸರನ್ನು ಮಾತ್ರ ಬರೆದಿಲ್ಲ. ಮನೆಯಲ್ಲಿ ಹವಳ ಸಾಕುವ ಹವ್ಯಾಸದ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕಿಟಕಿಯನ್ನೇ ತೋರಿಸುತ್ತೇನೆ. ಹವಳವನ್ನು ನೋಡಿ ಬೆರಗಾದವರು ಅದಕ್ಕೂ ಮೊದಲು ಸಾವಿರಾರು ವರ್ಷಗಳಿಂದ ಇದ್ದರು. ಹವಳಕ್ಕೆ ಬೇಕಾದ ನೀರನ್ನು ದಿನವೂ ನೋಡಿಕೊಂಡವರು ಅಲ್ಲಿಯವರೆಗೆ ಹೆಚ್ಚು ಮಂದಿ ಇರಲಿಲ್ಲ.

ನಮಗೆ ಹವಳವೆಂದರೆ ಮೊದಲು ನೆನಪಾಗುವುದು ನವರತ್ನಗಳಲ್ಲಿ ಒಂದಾದ ಕೆಂಪು ಮಣಿ. ಕುಜದೋಷಕ್ಕೆ ಉಂಗುರ, ಹೆಣ್ಣುಮಕ್ಕಳ ಕೊರಳಿಗೆ ಸರ. ಹಳಗನ್ನಡದ ‘ಪವಳ’ವೇ ಮುಂದೆ ‘ಹವಳ’ ಆಯಿತು. ಸಂಸ್ಕೃತದ ‘ಪ್ರವಾಳ’ಕ್ಕೆ ಎಳೆ ಚಿಗುರು ಎಂಬ ಅರ್ಥವೂ ಇದೆ, ‘ವಿದ್ರುಮ’ದೊಳಗೆ ‘ದ್ರುಮ’, ಅಂದರೆ ಮರ, ಅಡಗಿದೆ. ಕೈಗೆ ಕಲ್ಲಿನಂತೆ, ಕಣ್ಣಿಗೆ ಗಿಡದಂತೆ ಕಂಡ ವಸ್ತುವಿಗೆ ಇಟ್ಟ ಹೆಸರುಗಳಿವು. ಈ ಕೆಂಪು ಹವಳ ಬಹುಕಾಲದಿಂದ ನಮ್ಮಲ್ಲಿಗೆ ಬರುತ್ತಿದ್ದುದು ಮೆಡಿಟರೇನಿಯನ್ ಸಮುದ್ರದಿಂದ. ರೋಮನ್ನರಿಗೆ ಮುತ್ತು ಎಷ್ಟು ಬೆಲೆಬಾಳುತ್ತದೋ ಭಾರತೀಯರಿಗೆ ಹವಳ ಅಷ್ಟೇ ಬೆಲೆಬಾಳುತ್ತದೆ ಎಂದು ಒಂದನೇ ಶತಮಾನದ ಪ್ಲಿನಿ ಬರೆದಿದ್ದ. ನಾವು ಕೊಂಡದ್ದು ಸತ್ತ ಜೀವಿಗಳ ಗೂಡನ್ನು. ಅದರ ಬಣ್ಣ ಮಾಸದೆ ಉಳಿಯುತ್ತಿತ್ತು. ಹಾಗಾಗಿ ಅದು ಎಂದಾದರೂ ಬದುಕಿತ್ತೇ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಆ ಪ್ರಶ್ನೆ ಎದ್ದದ್ದು ಹವಳವನ್ನು ನೀರಿನೊಳಗೇ ಇಟ್ಟು ನೋಡಿದಾಗ. 1706ರಲ್ಲಿ ಇಟಲಿಯ ಲೂಯಿಜಿ ಮಾರ್ಸಿಲಿ ದಕ್ಷಿಣ ಫ್ರಾನ್ಸಿನ ಕರಾವಳಿಯಲ್ಲಿ ಆಗತಾನೆ ಕಿತ್ತ ಕೆಂಪು ಹವಳವನ್ನು ಕಡಲ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಇರಿಸಿದ. ಸ್ವಲ್ಪ ಹೊತ್ತಿನಲ್ಲಿ ಕೊಂಬೆಗಳ ತುಂಬ ಎಂಟೆಂಟು ಎಸಳಿನ ಬಿಳಿ ‘ಹೂ’ಗಳು ಅರಳಿದವು. ಹವಳ ಗಿಡವೇ ಸರಿ ಎಂದು ಆತ ಸಂಭ್ರಮದಿಂದ ಸಾರಿದ. ಸುಮಾರು ಇಪ್ಪತ್ತು ವರ್ಷದ ನಂತರ ಮಾರ್ಸೇಲ್ಸಿನ ವೈದ್ಯ ಜ್ಯಾನ್ ಆಂದ್ರೆ ಪೆಯ್ಸೊನೆಲ್ ಅದೇ ಹೂಗಳನ್ನು ಇನ್ನಷ್ಟು ತಾಳ್ಮೆಯಿಂದ ಗಮನಿಸಿದ. ಮುಟ್ಟಿದರೆ ಮುದುಡುವ ಇವು ಹೂಗಳಲ್ಲ, ಪ್ರಾಣಿಗಳು ಎಂದ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಹಿರಿಯ ರೊಮ್ಯೂರ್‌ಗೆ ಇದು ಎಷ್ಟು ಅಸಂಬದ್ಧವಾಗಿ ಕಂಡಿತೆಂದರೆ, 1727ರಲ್ಲಿ ಈ ವಾದವನ್ನು ಸಭೆಯ ಮುಂದಿಟ್ಟು ತಳ್ಳಿಹಾಕುವಾಗ ಪೆಯ್ಸೊನೆಲ್‌ನ ಮರ್ಯಾದೆ ಕಾಯಲೆಂದು ಅವನ ಹೆಸರನ್ನೇ ಹೇಳಲಿಲ್ಲ. 1740ರ ದಶಕದಲ್ಲಿ ಸಿಹಿನೀರಿನ ಹೈಡ್ರಾ ಕುರಿತು ಟ್ರೆಂಬ್ಲಿ ನಡೆಸಿದ ಪ್ರಯೋಗಗಳು ಬೆಳಕಿಗೆ ಬಂದ ಮೇಲಷ್ಟೇ ರೊಮ್ಯೂರ್ ತನ್ನ ತಪ್ಪನ್ನು ಒಪ್ಪಿಕೊಂಡ.

ಅಂತೂ ಹವಳ ಪ್ರಾಣಿ ಎಂದಾಯಿತು. ಪ್ರಾಣಿಯೆಂದ ಮೇಲೆ ಸಾಕಬಹುದಲ್ಲ? ಆನಾ ಥಿನ್ 1846ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿಯಲ್ಲಿ ಬಂಡೆಗಂಟಿದ್ದ ಬಟ್ಟಲಿನಂಥ ಸಣ್ಣ ಹವಳಗಳನ್ನು ಕಂಡಳು. ಪ್ರಯಾಣದಲ್ಲಿ ಅವು ಉರುಳಾಡದಂತೆ ಸೂಜಿ ದಾರದಿಂದ ಒಂದು ದೊಡ್ಡ ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಮೊದಮೊದಲು ಎರಡು ದಿನಕ್ಕೊಮ್ಮೆ ನೀರು ಬದಲಿಸಿದಳು. ಕಡಲ ನೀರಿನ ಪೂರೈಕೆ ಕಷ್ಟವಾದಾಗ ಹುಡುಗಿಯ ಕೈಯಿಂದ ಸುರಿಸಿದಳು. ಆಮೇಲೆ ಕಡಲ ಪಾಚಿ ತರಿಸಿ ಅದೇ ನೀರಿನಲ್ಲಿ ಬಿಟ್ಟಳು. ಹವಳಗಳು ಸುಮಾರು ಮೂರು ವರ್ಷ ಬದುಕಿದವು, ಮರಿಯನ್ನೂ ಹಾಕಿದವು. ಇದೇ ಹೊತ್ತಿಗೆ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ತನ್ನದೇ ದಾರಿಯಲ್ಲಿ ಹೊರಟು 1850ರಲ್ಲಿ ಮೀನು, ನೀರಗಿಡ, ಬಸವನಹುಳುಗಳ ಸಮತೋಲವನ್ನು ಗಾಜಿನ ಪಾತ್ರೆಯಲ್ಲಿ ಸಾಧಿಸಿ ತೋರಿಸಿದ. ಸಸ್ಯ ಬಿಡುವ ಆಮ್ಲಜನಕ ಪ್ರಾಣಿಗೆ, ಪ್ರಾಣಿಯ ಕಶ್ಮಲ ಸಸ್ಯಕ್ಕೆ ಎಂಬುದು ಅವನ ಲೆಕ್ಕ.

ನಂತರದ್ದು ಒಂದು ಹುಚ್ಚು. ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು, ರೈಲು ಕಡಲತೀರವನ್ನು ನಗರಕ್ಕೆ ಹತ್ತಿರ ತಂದಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ‘ದಿ ಅಕ್ವೇರಿಯಂ’ ಬಂತು. ಮಧ್ಯಮವರ್ಗದ ಮನೆಯವರು ಸುತ್ತಿಗೆ, ಉಳಿ, ಬಕೆಟ್ಟು ಹಿಡಿದು ಕಡಲತೀರಕ್ಕೆ ಹೊರಟರು. ಅವರು ತಂದ ಜೀವಿಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಕೊಳೆತು ನಾರಿದವು. ಅರ್ಧ ಶತಮಾನದ ಬಳಿಕ, 1907ರಲ್ಲಿ, ಗಾಸ್‌ನ ಮಗ ಎಡ್ಮಂಡ್ ತನ್ನ ಆತ್ಮಕಥನದಲ್ಲಿ ಈ ಪ್ರಸಂಗಕ್ಕೆ ಮರಳಿದ. ತಾನು ಬಾಲ್ಯದಲ್ಲಿ ತಂದೆಯೊಂದಿಗೆ ಬಗ್ಗಿ ನೋಡಿದ ಬಂಡೆಯ ಹೊಂಡಗಳು ಈಗ ಬರಿದಾಗಿವೆ, ತಂದೆಯ ಪುಸ್ತಕಗಳನ್ನು ಓದಿ ಬಂದವರೇ ಅವನ್ನು ಬರಿದು ಮಾಡಿದರು ಎಂದು ನೋವಿನಿಂದ ಬರೆದ. ಪ್ರೀತಿಸಿದ್ದನ್ನು ಮನೆಗೆ ತಂದು ಕೊಂದ ಈ ಕಥೆ ಹವಳದ ಹವ್ಯಾಸವನ್ನು ಮುಂದೆಯೂ ಬಿಡಲಿಲ್ಲ.

ಥಿನ್ ಸಾಕಿದ್ದು ತಂಪು ಕಡಲಿನ ಹವಳ. ಅದಕ್ಕೆ ಬಿಸಿಲಿನ ಹಂಗಿಲ್ಲ. ಸಿಕ್ಕ ಆಹಾರ ತಿಂದು ಬದುಕುತ್ತದೆ. ಉಷ್ಣವಲಯದಲ್ಲಿ ದಿಬ್ಬ ಕಟ್ಟುವ ಬಣ್ಣಬಣ್ಣದ ಹವಳಗಳ ಸಂಸಾರವೇ ಬೇರೆ. ಅವುಗಳ ಮೈಯ ಕೋಶಗಳೊಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿಗಳಿರುತ್ತವೆ. ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲಿ ಇಂಥ ಪಾಚಿಗಳಿಗೆ ‘ಝೂಜಾಂಥೆಲ್ಲ’ ಎಂದು ಹೆಸರಿಟ್ಟ. ಈ ಒಕ್ಕಲುಗಳು ಹವಳಕ್ಕೆ ಏನು ಕೊಡುತ್ತವೆ ಎಂಬುದು ಬಹುಕಾಲ ಜಗಳದ ವಿಷಯವಾಗಿತ್ತು. 1928–29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸಂಶೋಧನಾ ತಂಡ ಮುನ್ನಡೆಸಿದ ಸಿ. ಎಂ. ಯಂಗ್, ಹವಳ ಮಾಂಸಾಹಾರಿ, ಪಾಚಿ ಅದಕ್ಕೆ ಆಹಾರವಲ್ಲ ಎಂದೇ ನಂಬಿದ್ದ. 1950ರ ದಶಕದಲ್ಲಿ ವಿಕಿರಣಶೀಲ ಪರಮಾಣುಗಳನ್ನು ಗುರುತಾಗಿ ಬಳಸುವ ವಿಧಾನ ಬಂದ ಮೇಲೆ ಚಿತ್ರ ಬದಲಾಯಿತು. ಪಾಚಿ ಬಿಸಿಲಿನಿಂದ ತಯಾರಿಸಿದ ಆಹಾರ ಆತಿಥೇಯ ಜೀವಿಯ ಮೈಗೆ ಸೇರುತ್ತದೆ ಎಂಬುದಕ್ಕೆ ಹವಳದ ಹತ್ತಿರದ ನಂಟ ಕಡಲ ಹೂವಿನಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್ 1958ರಲ್ಲಿ ನೇರ ಸಾಕ್ಷಿ ಕೊಟ್ಟರು. ಬೆಳಕಿನಲ್ಲಿ ಹವಳದ ಸುಣ್ಣದ ಗೂಡು ಕತ್ತಲಲ್ಲಿಗಿಂತ ಬೇಗ ಬೆಳೆಯುತ್ತದೆ ಎಂಬುದನ್ನು ಜಮೈಕದಲ್ಲಿ ಥಾಮಸ್ ಗೊರೋ ಅಳೆದು ತೋರಿಸಿದ.

ಅಂದರೆ ಕಲ್ಲು, ಗಿಡ, ಪ್ರಾಣಿ ಎಂಬ ಮೂರು ಊಹೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಾಗಿರಲಿಲ್ಲ. ಪ್ರಾಣಿಯೊಂದು ಸಸ್ಯದಂಥ ಜೀವಿಯನ್ನು ಒಳಗಿರಿಸಿಕೊಂಡು ಕಲ್ಲನ್ನು ಕಟ್ಟುತ್ತದೆ. ಇದನ್ನು ಮನೆಯಲ್ಲಿ ಸಾಕಬೇಕೆಂದರೆ ಮೂವರಿಗೂ ಊಟ ಹಾಕಬೇಕು.

ಈ ತಿಳಿವಳಿಕೆ ಪ್ರಯೋಗಾಲಯದಲ್ಲಿ ಬೆಳೆಯುತ್ತಿದ್ದ ಕಾಲದಲ್ಲೇ ಮನೆಗಳ ಉಪ್ಪುನೀರಿನ ತೊಟ್ಟಿಗಳಲ್ಲಿ ಕಾಣುತ್ತಿದ್ದುದು ಹವಳದ ಅಸ್ಥಿಪಂಜರಗಳು. ಕಡಲಿನಿಂದ ಕಿತ್ತು, ಮಾಂಸ ಕೊಳೆಸಿ, ಬ್ಲೀಚ್ ಹಾಕಿ ಬೆಳ್ಳಗೆ ಮಾಡಿದ ಕೊಂಬೆಗಳನ್ನು ಅಲಂಕಾರಕ್ಕಿಟ್ಟು ಸುತ್ತ ಬಣ್ಣದ ಮೀನು ಬಿಡುತ್ತಿದ್ದರು. ಬಿಳಿ ಕೊಂಬೆ ಶುಚಿಯ ಗುರುತಾಗಿತ್ತು. ಅದರ ಮೇಲೆ ಒಂದಿಷ್ಟು ಪಾಚಿ ಹತ್ತಿದರೆ ಮತ್ತೆ ತೆಗೆದು ತೊಳೆಯುತ್ತಿದ್ದರು.

ಜಕಾರ್ತದ ಲೀ ಚಿನ್ ಎಂಗ್ ತದ್ವಿರುದ್ಧ ದಾರಿ ಹಿಡಿದ. ಆತ ಕಡಲಿನಿಂದ ಬಂಡೆಯ ತುಂಡುಗಳನ್ನು ತಂದು ತೊಳೆಯದೆ, ಅವುಗಳ ಮೇಲಿದ್ದ ಪಾಚಿ, ಹುಳು, ಸ್ಪಂಜು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಸಮೇತ ತೊಟ್ಟಿಯಲ್ಲಿಟ್ಟ. ಒಂದು ಗಾಳಿಕೊಳವೆಯ ಗುಳ್ಳೆಗಳು, ಮೇಲಿನಿಂದ ಬಿಸಿಲು, ಇಷ್ಟೇ ಅವನ ಸಲಕರಣೆ. ಹವಳಗಳು ಬದುಕಿದವು. 1961ರಲ್ಲಿ ಅಮೆರಿಕದ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಈ ‘ನಿಸರ್ಗ ಪದ್ಧತಿ’ಯನ್ನು ವಿವರಿಸಿದ. ಪಶ್ಚಿಮದ ಹವ್ಯಾಸಿಗಳಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಬಾಗಿಲಲ್ಲೇ ಕಡಲಿರುವವನಿಗೆ ಎಲ್ಲ ಸಲೀಸು ಎಂದು ಅನಿಸಿದ್ದರೆ ಅದರಲ್ಲಿ ಸ್ವಲ್ಪ ನಿಜವೂ ಇತ್ತು. ತಂಪು ದೇಶದ ನಗರದಲ್ಲಿ ಜಕಾರ್ತದ ಬಿಸಿಲನ್ನು ತರುವುದೆಲ್ಲಿಂದ? ಆದರೆ ಆ ಬಂಡೆಯ ತುಂಡುಗಳು ಮಾಡುತ್ತಿದ್ದ ಕೆಲಸ ಎಲ್ಲ ಕಡೆಗೂ ಒಂದೇ. ಮೀನು, ಹವಳಗಳ ಕಶ್ಮಲದಿಂದ ಬರುವ ಅಮೋನಿಯ ವಿಷ. ಬಂಡೆಯ ಹೊರಮೈಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಬದಲಿಸುತ್ತವೆ. ಆಮ್ಲಜನಕ ಇಳಿಯದ ಒಳರಂಧ್ರಗಳ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹವ್ಯಾಸಿಗಳು ಕೊಳೆ ಎಂದು ಉಜ್ಜಿ ತೆಗೆಯುತ್ತಿದ್ದುದೇ ತೊಟ್ಟಿಯ ಶ್ವಾಸಕೋಶವೂ ಮೂತ್ರಪಿಂಡವೂ ಆಗಿತ್ತು.

ಈ ಮಾತಿಗೆ ಕಿವಿಗೊಟ್ಟ ನಗರಗಳಲ್ಲಿ ಮುಖ್ಯವಾದದ್ದು ಕಡಲಿನಿಂದ ದೂರದ ಬರ್ಲಿನ್. 1970 ಮತ್ತು 80ರ ದಶಕಗಳಲ್ಲಿ ಅಲ್ಲಿನ ಹವ್ಯಾಸಿಗಳು ರೂಢಿಸಿಕೊಂಡ ಕ್ರಮಕ್ಕೆ ‘ಬರ್ಲಿನ್ ಪದ್ಧತಿ’ ಎಂಬ ಹೆಸರೇ ನಿಂತಿತು. ಅದರಲ್ಲಿ ನಾಲ್ಕು ಸಂಗತಿಗಳಿದ್ದವು. ಒಂದು, ಜೀವಂತ ಬಂಡೆ. ಎರಡು, ಬಿಸಿಲಿನ ಬದಲು ಪ್ರಖರವಾದ ಮೆಟಲ್ ಹ್ಯಾಲೈಡ್ ದೀಪ. ಮೂರು, ಪ್ರೋಟೀನ್ ಸ್ಕಿಮ್ಮರ್: ಆಲೆಮನೆಯಲ್ಲಿ ಕುದಿಯುವ ಕಬ್ಬಿನಹಾಲಿನ ಮೇಲೆ ಕಟ್ಟುವ ಕೊಳೆನೊರೆಯನ್ನು ತೆಗೆದು ಚೆಲ್ಲುವಂತೆ, ನೀರಿಗೆ ಸಣ್ಣ ಗುಳ್ಳೆಗಳನ್ನು ಹಾಯಿಸಿ ಕಶ್ಮಲವನ್ನು ನೊರೆಯಾಗಿ ಮೇಲೆತ್ತುವ ಸಾಧನ. ನಾಲ್ಕನೆಯದು ಸುಣ್ಣದ ತಿಳಿನೀರು.

ಕೊನೆಯದನ್ನು ಓದಿದಾಗ ನಾನು ಕ್ಷಣ ಹೊತ್ತು ನಿಂತೆ. ನಾವು ಎಲೆಗೆ ಹಚ್ಚುವ ಸುಣ್ಣವೇ ಅದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹವಳ ತನ್ನ ಗೂಡು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕಡಲು ದೊಡ್ಡದು, ತೀರುವುದಿಲ್ಲ. ಸಣ್ಣ ತೊಟ್ಟಿಯಲ್ಲಿ ಅದು ದಿನದಿನಕ್ಕೂ ಇಳಿಯುತ್ತದೆ. ಪೀಟರ್ ವಿಲ್ಕೆನ್ಸ್ ಮೊದಲಾದವರು, ಆವಿಯಾಗಿ ಹೋದ ನೀರಿನ ಬದಲಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಸೇರಿಸುವುದನ್ನು ಹೇಳಿಕೊಟ್ಟರು. ಇನ್ನೊಂದು ದೃಶ್ಯವನ್ನು ಇದರ ಪಕ್ಕದಲ್ಲಿಡಬೇಕು. ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಇಪ್ಪತ್ತನೇ ಶತಮಾನದಲ್ಲಿ ದಶಕಗಟ್ಟಲೆ ಹವಳದ ದಿಬ್ಬಗಳನ್ನು ಅಗೆದು ಸುಣ್ಣಕ್ಕೂ ಕಟ್ಟಡಕ್ಕೂ ಸಾಗಿಸಿದರು. ಒಂದು ಕಡೆ ಹವಳ ಸುಟ್ಟು ಸುಣ್ಣ, ಇನ್ನೊಂದು ಕಡೆ ಸುಣ್ಣ ಕರಗಿಸಿ ಹವಳ.

ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ ಎಂಬ ಹವ್ಯಾಸಿ ತನ್ನ ತೊಟ್ಟಿಯಲ್ಲಿ ಬೆಳೆದ ಅಕ್ರೊಪೋರ ಹವಳವನ್ನು ಮುರಿದು ತುಂಡುಗಳನ್ನು ಗೆಳೆಯರಿಗೆ ಹಂಚಿದ. ದಾಸವಾಳದ ಕಡ್ಡಿಯನ್ನು ಪಕ್ಕದ ಮನೆಗೆ ಕೊಡುವಂತೆ ಆ ಹವಳ ಯುರೋಪಿನ ತುಂಬ ಮನೆಯಿಂದ ಮನೆಗೆ ಹಬ್ಬಿತು. ಮನೆಯಲ್ಲಿ ಕಲ್ಲುಹವಳ ಬದುಕುವುದೇ ಇಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಕಡಲನ್ನು ಕೊಳ್ಳೆ ಹೊಡೆಯದೆಯೂ ಈ ಹವ್ಯಾಸ ನಡೆದೀತು ಎಂಬ ಆಸೆಯೂ ಅಲ್ಲಿ ಮೊಳೆಯಿತು.

ಹವಳ ಬದುಕತೊಡಗಿದ ಮೇಲೆ ಹವ್ಯಾಸಿಗಳ ಕಣ್ಣು ಮತ್ತೆ ಬಣ್ಣದ ಮೇಲೆ ಬಿತ್ತು. ಕಡಲಿನಿಂದ ನೇರಳೆಯೋ ಹಸಿರೋ ಆಗಿ ಬಂದ ಹವಳ ತೊಟ್ಟಿಯಲ್ಲಿ ಕೆಲವೇ ತಿಂಗಳಲ್ಲಿ ಮಣ್ಣುಗಂದು ಆಗುತ್ತಿತ್ತು. ಕಾರಣ ನೀರಿನಲ್ಲೇ ಇತ್ತು. ನೈಟ್ರೇಟ್, ಫಾಸ್ಫೇಟ್ ಹೆಚ್ಚಾದರೆ ಒಳಗಿನ ಕಂದು ಪಾಚಿಗಳು ಗೊಬ್ಬರ ಸಿಕ್ಕ ಕಳೆಯಂತೆ ಹೆಚ್ಚುತ್ತವೆ. ಹವಳದ ಸ್ವಂತ ಬಣ್ಣ ಆ ಕಂದಿನಡಿ ಮುಚ್ಚಿಹೋಗುತ್ತದೆ. ಸ್ವಂತ ಬಣ್ಣ ಬರುವುದು ಹವಳವೇ ತಯಾರಿಸುವ ಕೆಲವು ಪ್ರೋಟೀನುಗಳಿಂದ. ಅವು ಅತಿ ಬೆಳಕಿನಿಂದ ರಕ್ಷಣೆ ಕೊಡುತ್ತಿರಬಹುದು ಎಂದು ಜಪಾನಿನ ಕವಾಗುಟಿ 1940ರ ದಶಕದಲ್ಲೇ, ಪಲಾವು ದ್ವೀಪಗಳ ಹವಳಗಳನ್ನು ನೋಡಿ, ಸೂಚಿಸಿದ್ದ. 1999ರಲ್ಲಿ ಮಾಸ್ಕೋದ ವಿಜ್ಞಾನಿಗಳು ಹವಳದ ಬಳಗದ, ಅಕ್ವೇರಿಯಂ ಹವ್ಯಾಸಿಗಳಿಗೆ ಚಿರಪರಿಚಿತವಾದ, ಡಿಸ್ಕೊಸೋಮ ಎಂಬ ಜೀವಿಯಲ್ಲಿ ಕೆಂಪಗೆ ಹೊಳೆಯುವ ಪ್ರೋಟೀನನ್ನು ಕಂಡುಹಿಡಿದರು. ಇಂದು ಜೀವಕೋಶಗಳೊಳಗಿನ ಚಲನವಲನವನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಲು ಬಳಸುವ ಹಲವು ಕೆಂಪು ಗುರುತುಗಳು ಅದರ ಸಂತತಿಯೇ.

ಕಂದು ಬೇಡವೆಂದ ಹವ್ಯಾಸಿಗಳು ನೀರಿನಿಂದ ಪೋಷಕಾಂಶಗಳನ್ನು ಕಡೆಯ ಹನಿಯವರೆಗೂ ತೆಗೆಯಲು ಹೊರಟರು. ಬಣ್ಣಗಳು ನಿಜಕ್ಕೂ ಹೊಳೆದವು. ಕೆಲವರ ಹವಳಗಳು ತಿಳಿಯಾಗುತ್ತ, ತೆಳುವಾಗುತ್ತ ಹೋಗಿ ಸತ್ತವು. ಇದಕ್ಕೆ ವಿವರಣೆ ಕೊಟ್ಟದ್ದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತೊಟ್ಟಿಗಳಲ್ಲಿ ಹವಳ ಸಾಕಿದ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು. ನೈಟ್ರೇಟ್ ಇದ್ದು ಫಾಸ್ಫೇಟ್ ಇಲ್ಲವಾದರೆ ಹವಳ ಬಿಸಿಗೂ ಬೆಳಕಿಗೂ ಬೇಗ ಸೋತು ಬಿಳಿಚಿಕೊಳ್ಳುತ್ತದೆ ಎಂದು 2013ರಲ್ಲಿ ತೋರಿಸಿದರು. 2020ರಲ್ಲಿ ಅದೇ ತಂಡ ಇನ್ನೊಂದು ವಿಷಯ ಹೇಳಿತು. ಪಾಚಿಗಳನ್ನು ಕಳೆದುಕೊಳ್ಳುತ್ತಿರುವ ಹವಳದೊಳಗೆ ಬೆಳಕು ತಡೆಯಿಲ್ಲದೆ ಸುಣ್ಣದ ಗೂಡಿಗೆ ಬಡಿದು ಚೆದುರುತ್ತದೆ. ಆಗ ಕೆಲವು ಹವಳಗಳು ಕೊಡೆ ಬಿಚ್ಚಿದಂತೆ ತಮ್ಮ ಬಣ್ಣದ ಪ್ರೋಟೀನುಗಳನ್ನು ಹೆಚ್ಚಿಸುತ್ತವೆ. ನಾವು ಕಾಣುವ ಉಜ್ವಲ ಗುಲಾಬಿ, ನೇರಳೆ, ಹಳದಿ ಆ ಕೊಡೆ. ಹೊರಟುಹೋದ ಪಾಚಿ ಮರಳಿ ಬರಲು ಅದು ನೆರಳು ಮಾಡಿಕೊಡುತ್ತದೆ.

ಹಾಗಾದರೆ ಹವಳದ ಬಣ್ಣ ಅದರ ಆರೋಗ್ಯದ ಪತ್ರವಲ್ಲ. ಹೊಟ್ಟೆ ತುಂಬಿದ ಹವಳ ಮಣ್ಣಿನ ಬಣ್ಣದ್ದಿರಬಹುದು, ಸಂಕಟದಲ್ಲಿರುವುದು ಜಾತ್ರೆಯ ದೀಪದಂತೆ ಹೊಳೆಯುತ್ತಿರಬಹುದು. ಉಂಗುರದ ಕೆಂಪು, ಮಾರ್ಸಿಲಿಯ ಬಿಳಿ ಹೂ, ತೊಟ್ಟಿಯ ಬಿಳಿ ಕೊಂಬೆ, ನೀಲಿ ದೀಪದಡಿಯ ನೇರಳೆ: ಕಣ್ಣಿಗೆ ಹಿತವಾದದ್ದನ್ನೇ ನೋಡಿದಾಗ ನಾವು ಒಂದಲ್ಲ ಒಂದು ತಪ್ಪು ಮಾಡಿದ್ದೇವೆ. ಅನುಭವಿ ಹವ್ಯಾಸಿಗಳು ಇಂದು ಹೇಳುವುದು ಸಪ್ಪೆ ಮಾತು. ಉಷ್ಣತೆ 25–26 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಲಿ. ಉಪ್ಪು, ಕ್ಯಾಲ್ಸಿಯಂ, ಕ್ಷಾರತೆ ಏರಿಳಿಯದಿರಲಿ. ಪೋಷಕಾಂಶ ಕಡಿಮೆಯಿರಲಿ, ಸೊನ್ನೆಯಾಗದಿರಲಿ. ಏನನ್ನೂ ಅವಸರದಲ್ಲಿ ಬದಲಿಸಬೇಡಿ. ನೀರು ನೋಡಿಕೊಳ್ಳಿ, ಬಣ್ಣ ತಾನಾಗಿ ಬರುತ್ತದೆ.

ಕನ್ನಡ ನಾಡಿನ ಕಡಲಲ್ಲೂ ಹವಳಗಳಿವೆ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ. ಅವನ್ನು ಮನೆಗೆ ತರುವಂತಿಲ್ಲ. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಎಡ್ಮಂಡ್ ಗಾಸ್‌ನ ಕೊರಗನ್ನು ಬಲ್ಲವರಿಗೆ ಇದು ಕಠಿಣ ಅನಿಸಲಾರದು. ಆದರೆ ಕಾಯ್ದೆ ಕೈಗಳನ್ನು ತಡೆಯಬಹುದು, ಬಿಸಿಯನ್ನು ತಡೆಯಲಾರದು. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಕಡಲು ಕಾದು ಬಿಳಿಚಿದವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು.

ಈಗ ಕಥೆ ಮತ್ತೆ ಲಂಡನ್ನಿಗೆ ಬರುತ್ತದೆ. ಅಲ್ಲಿನ ಹಾರ್ನಿಮನ್ ಮ್ಯೂಸಿಯಂನ ಅಕ್ವೇರಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ದೂರದ ದಿಬ್ಬಗಳ ಋತುಮಾನವನ್ನು ತೊಟ್ಟಿಯಲ್ಲಿ ಅನುಕರಿಸಿದರು. ಹಗಲಿನ ಉದ್ದ, ನೀರಿನ ಉಷ್ಣತೆ, ಹುಣ್ಣಿಮೆ ಅಮಾವಾಸ್ಯೆಯ ಬೆಳದಿಂಗಳು, ಎಲ್ಲವೂ ಕೃತಕ. ಕಡಲಿನಲ್ಲಿ ವರ್ಷಕ್ಕೊಮ್ಮೆ ಗೊತ್ತಾದ ರಾತ್ರಿಗಳಲ್ಲಷ್ಟೇ ಮೊಟ್ಟೆ ಬಿಡುವ ಹವಳಗಳು ಆ ಸುಳ್ಳು ಚಂದ್ರನನ್ನು ನಂಬಿ ಲೆಕ್ಕ ತಪ್ಪದೆ ಮೊಟ್ಟೆ ಬಿಟ್ಟವು. ಈ ಕೆಲಸದ ವರದಿ ಪ್ರಕಟವಾದದ್ದು 2017ರಲ್ಲಿ. ಅದೇ ವಿದ್ಯೆ 2019ರಲ್ಲಿ ಫ್ಲಾರಿಡದಲ್ಲಿ ಅಳಿವಿನಂಚಿನ ಕಂಬ ಹವಳವನ್ನು ಪ್ರಯೋಗಾಲಯದಲ್ಲಿ ಮೊಟ್ಟೆಯಿಡಿಸಲು ನೆರವಾಯಿತು. 2023ರ ಬೇಸಿಗೆಯಲ್ಲಿ ಫ್ಲಾರಿಡದ ಕಡಲು ಕುದಿಯತೊಡಗಿದಾಗ ಕಡಲೊಳಗಿನ ನರ್ಸರಿಗಳ ಸಾವಿರಾರು ಹವಳಗಳನ್ನು ಎತ್ತಿ ದಡದ ತೊಟ್ಟಿಗಳಿಗೆ ಸಾಗಿಸಿದರು. ಒಂದು ಕಾಲಕ್ಕೆ ಹವಳದ ಸಾವಿನ ಮನೆಯಾಗಿದ್ದ ಗಾಜಿನ ಪೆಟ್ಟಿಗೆ ಅವುಗಳ ಗಂಜಿಕೇಂದ್ರವಾಗಿತ್ತು.

ಇದರಿಂದ ಸಮಾಧಾನ ಪಡಬೇಕೋ ಬೇಡವೋ ನನಗೆ ತಿಳಿಯದು. ತೊಟ್ಟಿಯೊಂದು ಬದುಕುವುದು ಅದರ ಪಕ್ಕ ಒಬ್ಬರು ನಿಂತಿರುವುದರಿಂದ. ನೂರು ಲೀಟರ್ ನೀರು ಎರಡು ಡಿಗ್ರಿ ಕಾದರೆ ತಣಿಸುವ ಯಂತ್ರವಿದೆ, ಕ್ಯಾಲ್ಸಿಯಂ ಇಳಿದರೆ ಸುಣ್ಣದ ತಿಳಿಯಿದೆ. ಅರಬ್ಬೀ ಸಮುದ್ರಕ್ಕೆ ಯಾರು ಹನಿಹನಿಯಾಗಿ ಏನನ್ನು ಸುರಿಯಬಲ್ಲರು? ನೂರೆಪ್ಪತ್ತು ವರ್ಷಗಳ ಹವ್ಯಾಸ ನಮಗೆ ಕಲಿಸಿದ್ದು, ಒಂದು ಅಂಗೈಯಗಲ ಕಡಲನ್ನು ಕಡಲಿನಂತೆಯೇ ಇರಿಸಲು ಎಷ್ಟು ದುಡಿಮೆ ಬೇಕು ಎಂಬ ಲೆಕ್ಕವನ್ನು. ಆ ದುಡಿಮೆಯನ್ನು ಇಷ್ಟು ದಿನ ಕಡಲು ತಾನೇ ಮಾಡಿಕೊಳ್ಳುತ್ತಿತ್ತು.

ವೆಸ್ಟ್‌ಮಿನ್‌ಸ್ಟರಿನ ಆ ಹುಡುಗಿಗೆ ಇದಾವುದೂ ತಿಳಿದಿರಲಿಕ್ಕಿಲ್ಲ. ಎತ್ತಿ ಸುರಿಯುವಾಗ ಬೆಳಕಿಗೆ ಮಿನುಗುವ ನೀರನ್ನು ನೋಡುತ್ತ ಅವಳಿಗೆ ಅದು ಆಟವೇ ಅನಿಸಿರಬಹುದು. ಅವಳ ಕೈ ನಿಂತ ದಿನ ಹವಳ ಉಸಿರು ಕಟ್ಟುತ್ತಿತ್ತು.